ಅಗ್ಗದ ಚಹ

ಉಳಿದುಹೋದ ಸರಕನ್ನು ವರ್ತಕನು ಬೆಲೆಯಿಳಿಸಿ ಮಾರುವುದು ನಾವೆಲ್ಲರೂ ಬಲ್ಲ ವಿಷಯ. ಕೊಳ್ಳುವವನಿಗೆ ಲಾಭ, ಮಾರುವವನಿಗೆ ನಿರಾಳ. ಇದರಲ್ಲಿ ಯಾರ ಮುನಿಸಿಗೂ ಎಡೆಯಿಲ್ಲವೆಂದು ತೋರುತ್ತದೆ. ಆದರೆ ಇಂತಹದೊಂದು ಮಾರಾಟವು ಸಾಮ್ರಾಜ್ಯವೊಂದು ಒಡೆಯುವುದಕ್ಕೆ ನಿಮಿತ್ತವಾದುದನ್ನು ಚರಿತ್ರೆಯಲ್ಲಿ ಕಾಣುತ್ತೇವೆ.

1772ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಯು ಸಾಲದಲ್ಲಿ ಮುಳುಗಿತ್ತು. ಮೈಸೂರಿನ ಹೈದರಾಲಿಯು 1769ರಲ್ಲಿ ಮದರಾಸಿನ ಬಾಗಿಲಿಗೇ ಬಂದು ಸಂಧಿಯನ್ನು ಬರೆಯಿಸಿಕೊಂಡಿದ್ದನು. 1770ರ ಕ್ಷಾಮವು ಬಂಗಾಳವನ್ನು ಹಾಳುಗೆಡವಿತ್ತು. ಅತ್ತ ಲಂಡನ್ನಿನ ಉಗ್ರಾಣಗಳಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡು ಚೀನಾದ ಚಹ ಮಾರಾಟವಾಗದೆ ಬಿದ್ದಿತ್ತು. ಅಮೆರಿಕದ ವಸಾಹತುಗಾರರಲ್ಲಿ ಅನೇಕರು ಸುಂಕ ತಪ್ಪಿಸಿ ಬರುತ್ತಿದ್ದ ಡಚ್ಚರ ಚಹವನ್ನೇ ಕುಡಿಯುತ್ತಿದ್ದರು.

1773ರಲ್ಲಿ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿತು. ಇಂಗ್ಲೆಂಡಿನಲ್ಲಿ ತೆತ್ತ ಸುಂಕವನ್ನು ಕಂಪೆನಿಗೆ ಹಿಂದಿರುಗಿಸಬೇಕು. ಕಂಪೆನಿಯು ತಾನೇ ನೇಮಿಸಿದವರ ಮೂಲಕ ಅಮೆರಿಕದಲ್ಲಿ ನೇರವಾಗಿ ಮಾರಬಹುದು. ಇದರಿಂದ ಬೆಲೆಯೇನೋ ಇಳಿಯಿತು. ಆದರೆ ಅಮೆರಿಕದ ಬಂದರುಗಳಲ್ಲಿ ತೆರಬೇಕಾದ ಪೌಂಡಿಗೆ 3 ಪೆನ್ಸಿನ ಸುಂಕವನ್ನು ಮಾತ್ರ ಬಿಡಲಿಲ್ಲ. ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ವಿಧಿಸಿದ ಸುಂಕವನ್ನು ಅಗ್ಗದ ಆಸೆ ತೋರಿಸಿ ಒಪ್ಪಿಸುವ ಹಂಚಿಕೆಯಿದೆಂದು ವಸಾಹತುಗಾರರು ಬಗೆದರು. ಅಲ್ಲಿನ ವರ್ತಕರಿಗೆ ಕಂಪೆನಿಯ ಏಕಸ್ವಾಮ್ಯದ ಭಯವೂ ಇತ್ತು.

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹವನ್ನು ಕಡಲಿಗೆ ಸುರಿದರು. ಮರುವರ್ಷ ಪಾರ್ಲಿಮೆಂಟು ಆ ಬಂದರನ್ನು ಮುಚ್ಚಿಸಿತು. 1775ರಲ್ಲಿ ಯುದ್ಧವು ಮೊದಲಾಯಿತು. 1776ರಲ್ಲಿ ವಸಾಹತುಗಳು ಸ್ವಾತಂತ್ರ್ಯವನ್ನು ಸಾರಿದವು.

ಮೂರು ಪೆನ್ಸು ದೊಡ್ಡ ಮೊತ್ತವೇನಲ್ಲ. ಪಾರ್ಲಿಮೆಂಟು ಅದನ್ನು ತನ್ನ ಹಕ್ಕಿನ ಗುರುತೆಂದು ಉಳಿಸಿಕೊಂಡಿತು. ವಸಾಹತುಗಾರರೂ ಅದನ್ನು ಹಾಗೆಯೇ ತಿಳಿದರು. ಬೆಲೆ ಎಷ್ಟೆಂಬುದಕ್ಕಿಂತ, ಸುಂಕವನ್ನು ವಿಧಿಸುವ ಅಧಿಕಾರ ಯಾರದೆಂಬುದೇ ಅವರಿಗೆ ಮುಖ್ಯವಾಯಿತು.