ಬೆಳಕೇ ಮದ್ದು, ಭಾಗ 3: ತುಟಿಗೂ ಕೋಪನ್‌ಹೇಗನ್ನಿಗೂ ಏನು ನಂಟು?

ತುಟಿ ಸಿಪ್ಪೆ ಏಳೋದು ಅಂದ್ರೆ ನಮಗೆಲ್ಲ ಚಳಿಗಾಲದ ಕಿರಿಕಿರಿ. ತುಪ್ಪ ಸವರಿದ್ರೆ ಮುಗೀತು. ಆದ್ರೆ ಕೆಲವರಿಗೆ ಅದು ವರ್ಷಗಟ್ಟಲೆ ನಿಲ್ಲೋದೇ ಇಲ್ಲ. ಪದರ ಕಟ್ಟುತ್ತೆ, ಉದುರುತ್ತೆ, ಮತ್ತೆ ಕಟ್ಟುತ್ತೆ. ನಾಲ್ಕು ಜನರ ಮುಂದೆ ಬಾಯಿ ಬಿಡೋಕೂ ಮುಜುಗರ. ಇದರ ಹೆಸರು ಎಕ್ಸ್‌ಫೋಲಿಯೇಟಿವ್ ಚೀಲೈಟಿಸ್. ಮುಲಾಮುಗಳು ಸೋತ ಕೆಲವರಿಗೆ ವೈದ್ಯರು ನೇರಳಾತೀತ ಬೆಳಕು ಹಾಯಿಸಿ ನೋಡಿದ್ದಾರೆ. ಈ ಯೋಚನೆ ಬಂದಿದ್ದು ಎಲ್ಲಿಂದ ಗೊತ್ತಾ?

1895ರ ಕೋಪನ್‌ಹೇಗನ್. ಆಗ ಲುಪಸ್ ವಲ್ಗಾರಿಸ್ ಅಂತ ಒಂದು ಕಾಯಿಲೆ ಇತ್ತು. ಕ್ಷಯದ ರೋಗಾಣುವೇ ಚರ್ಮಕ್ಕಿಳಿದು ಮೂಗು, ಕೆನ್ನೆ, ತುಟಿಯನ್ನ ನಿಧಾನಕ್ಕೆ ತಿಂದುಹಾಕೋದು. ನೀಲ್ಸ್ ಫಿನ್ಸೆನ್ ಅನ್ನೋ ವೈದ್ಯ ಕಾರ್ಬನ್ ಆರ್ಕ್ ದೀಪದ ಬೆಳಕನ್ನ ಅದರ ಮೇಲೆ ಬಿಟ್ಟ. ಸುಡಬಾರದು ಅಂತ ಮಸೂರದೊಳಗೆ ತಣ್ಣೀರು ಹರಿಸಿದ. ನರ್ಸ್ ಒಬ್ಬರು ಅದನ್ನ ರೋಗಿಯ ಮುಖಕ್ಕೆ ಒತ್ತಿ ಹಿಡಿದು ಕೂರಬೇಕು. ರಕ್ತ ಸರಿದರೆ ಬೆಳಕು ಆಳಕ್ಕೆ ಇಳಿಯುತ್ತೆ ಅನ್ನೋ ಲೆಕ್ಕ. ಇದು ತಿಂಗಳುಗಟ್ಟಲೆ ನಡೀತಿತ್ತು. ಆ ನರ್ಸುಗಳ ತಾಳ್ಮೆಗೂ ಒಂದು ಬಹುಮಾನ ಕೊಡಬೇಕಿತ್ತು ಅನ್ಸುತ್ತೆ ನನಗೆ!

1896ರಲ್ಲಿ ಫಿನ್ಸೆನ್ ಸಂಸ್ಥೆ ಶುರುವಾಯ್ತು. 1903ರಲ್ಲಿ ನೊಬೆಲ್ ಬಂತು. ಆತ ಸ್ವತಃ ದೀರ್ಘಕಾಲದ ರೋಗಿ, ಮರುವರ್ಷವೇ ತೀರಿಕೊಂಡ. ವಯಸ್ಸು ಬರೀ 43.

ಮಜಾ ಕೇಳಿ. ನೇರಳಾತೀತ ಕಿರಣವೇ ರೋಗಾಣು ಕೊಲ್ಲುತ್ತೆ ಅಂತ ಎಲ್ಲರೂ ನಂಬಿದ್ರು. 2005ರಲ್ಲಿ ಡೆನ್ಮಾರ್ಕಿನವರೇ ಆ ಹಳೇ ಉಪಕರಣ ಪರೀಕ್ಷಿಸಿದಾಗ, ರೋಗಾಣು ಕೊಲ್ಲೋ ಅಂಥ ಕಿರಣಗಳನ್ನ ಆ ಮಸೂರಗಳೇ ತಡೀತಿದ್ವು ಅಂತ ಗೊತ್ತಾಯ್ತು! ರೋಗಾಣುವಿನೊಳಗಿನ ಪಾರ್ಫಿರಿನ್ ಅನ್ನೋ ವಸ್ತು ಬೆಳಕು ಹೀರಿ ಅದನ್ನೇ ಸಾಯಿಸಿರಬೇಕು ಅನ್ನೋದು ಅವರ ವಿವರಣೆ.

ಆ್ಯಂಟಿಬಯಾಟಿಕ್ ಬಂದ ಮೇಲೆ ಆ ದೀಪ ಆರಿತು. ಬೆಳಕಿನ ಚಿಕಿತ್ಸೆ ಮಾತ್ರ ಬೇರೆ ಚರ್ಮರೋಗಗಳಿಗೆ ದಾಟಿತು. 1997ರಲ್ಲಿ ಹಂಗೇರಿಯ ವೈದ್ಯರು ಸೋರಿಯಾಸಿಸ್‌ಗೆ 308 ನ್ಯಾನೋಮೀಟರಿನ ಎಕ್ಸೈಮರ್ ಲೇಸರ್ ಬಳಸಿದ್ರು. ಇಲ್ಲಿ ಕೊಲ್ಲೋಕೆ ರೋಗಾಣು ಇಲ್ಲ. ಕೆರಳಿದ ರೋಗನಿರೋಧಕ ಕೋಶಗಳನ್ನ ಬೆಳಕು ತಣ್ಣಗೆ ಮಾಡುತ್ತೆ. ತುಟಿಗೆ ಬಂದಿದ್ದೂ ಇದೇ ಲೇಸರ್. ಗುಣ ಕಂಡವರ ವರದಿಗಳಿವೆ, ಆದ್ರೆ ಬೆರಳೆಣಿಕೆಯಷ್ಟು.

ಹಾಗಂತ ಆನ್‌ಲೈನಲ್ಲಿ ಯುವಿ ದೀಪ ತರಿಸಿ ತುಟಿಗೆ ಹಿಡೀಬೇಡಿ ಮಾರಾಯ್ರೇ. ಅತಿಯಾದ್ರೆ ಅದೇ ಕಿರಣ ತುಟಿಯ ಕ್ಯಾನ್ಸರ್‌ಗೂ ದಾರಿ. ಚರ್ಮವೈದ್ಯರು ಅಳೆದು ಕೊಡೋ ಡೋಸು ಇದು.

ಭಾಗ 4ರಲ್ಲಿ ನಮ್ಮ ಬಾವಂಚಿ ಬೀಜ, ಬಿಸಿಲು ಮತ್ತು ತೊನ್ನು.