ಹಿತ್ತಲ ಗಿಡಕ್ಕೂ ಒಂದು ಚರಿತ್ರೆ

ಚರಿತ್ರೆಯ ಪಾಠ ಹೇಳುವವರಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಊರಿನ ಹೆಸರು ಕಿವಿಗೆ ಬಿದ್ದ ಕೂಡಲೇ ಕೋಟೆ ಯಾವುದು, ಕಾಳಗ ಯಾವುದು, ಇಸವಿ ಯಾವುದು ಎಂದು ಮನಸ್ಸು ಲೆಕ್ಕ ಹಾಕತೊಡಗುತ್ತದೆ. ವರ್ಗಾವಣೆಯ ಆದೇಶಗಳ ದಯೆಯಿಂದ ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ನೀರು ಕುಡಿದಿದ್ದೇನೆ. ನಾಲ್ಕೂ ಕಡೆ ಚರಿತ್ರೆಗೇನೂ ಬರವಿಲ್ಲ. ಆದರೆ ನಾಲ್ಕೂ ಕಡೆ ನಾನು ಬಾಡಿಗೆಗಿದ್ದ ಮನೆಗಳ ಹಿತ್ತಲಿನಲ್ಲಿ ಬಚ್ಚಲು ನೀರಿನ ಪಕ್ಕ ನಿಂತಿದ್ದ ಒಂದು ಗಿಡದ ಚರಿತ್ರೆಯನ್ನು ಮಾತ್ರ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆಯೇ ಅದು ಚರಿತ್ರೆಯೂ ಅಲ್ಲವೆಂದು ನಮ್ಮವರು ತೀರ್ಮಾನಿಸಿರಬೇಕು. ನಾನು ಹೇಳಹೊರಟಿರುವುದು ದುಂಡುಮಲ್ಲಿಗೆಯ ವಿಷಯ.

ಮಲ್ಲಿಗೆ ವರ್ಷವಿಡೀ ಹಸಿರಾಗಿರುವ ಪೊದೆ. ಬೇಸಿಗೆಯಲ್ಲಿ ಹೂವಾಗಿ, ಉಳಿದ ಕಾಲದಲ್ಲಿ ಎಲೆಯಾಗಿ ಅದು ಹಿತ್ತಲನ್ನು ಬಿಟ್ಟು ಕದಲುವುದಿಲ್ಲ. ಅದರ ಇನ್ನೊಂದು ಗುಣವನ್ನು ನಾವು ಗಮನಿಸಿರುವುದು ಕಡಿಮೆ. ನಮ್ಮ ಹಿತ್ತಲಿನ ದುಂಡುಮಲ್ಲಿಗೆ ಸಾಮಾನ್ಯವಾಗಿ ಬೀಜ ಕಟ್ಟುವುದಿಲ್ಲ. ಹಕ್ಕಿ ತಿಂದು ಉದುರಿಸಿ, ಗಾಳಿ ತೂರಿ ಹುಟ್ಟುವ ಗಿಡ ಇದಲ್ಲ. ಯಾರೋ ಒಬ್ಬರು ಕೊಂಬೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಇನ್ನೊಬ್ಬರ ಕೈಗೆ ಕೊಟ್ಟರೆ ಮಾತ್ರ ಅದು ಒಂದು ಹಿತ್ತಲಿನಿಂದ ಇನ್ನೊಂದಕ್ಕೆ ಹೋಗಬಲ್ಲದು. ಅಂದಮೇಲೆ ನಿಮ್ಮ ಮನೆಯ ಮಲ್ಲಿಗೆ ಇನ್ನಾರದೋ ಮನೆಯ ಮಲ್ಲಿಗೆಯ ತುಂಡು. ಅದು ಅವರ ತಾಯಿಯ ಮನೆಯದರ ತುಂಡು. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಯಿಲ್ಲದ ಕೈಗಳ ಸಾಲು. ಆ ಕೈಗಳಲ್ಲಿ ಹೆಚ್ಚಿನವು ಬಳೆ ತೊಟ್ಟ ಕೈಗಳೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಕಾಳಿದಾಸನ ಶಕುಂತಲೆ ಗಂಡನ ಮನೆಗೆ ಹೊರಡುವಾಗ ತಾನು ವನಜ್ಯೋತ್ಸ್ನೆ ಎಂದು ಹೆಸರಿಟ್ಟಿದ್ದ ನವಮಲ್ಲಿಕೆಯ ಬಳ್ಳಿಯನ್ನು ಅಪ್ಪಿಕೊಂಡು ಬೀಳ್ಕೊಳ್ಳುತ್ತಾಳೆ. ನಮ್ಮ ಕಡೆಯ ಹೆಣ್ಣುಮಕ್ಕಳು ಬಳ್ಳಿಯನ್ನು ಅಪ್ಪಿ ಅತ್ತು ಸುಮ್ಮನಾದವರಲ್ಲ, ಒಂದು ಕೊಂಬೆಯನ್ನು ಜೊತೆಗೇ ತಂದವರು. ಹೀಗೆ ಕೈಯಿಂದ ಕೈಗೆ ದಾಟಿದ ಗಿಡ ಸಮುದ್ರವನ್ನೂ ದಾಟಿತು. ಅರಬ್ಬರ ‘ಜಂಬಕ್’ ಎಂಬ ಮಾತಿನಿಂದ ಬಂದ ‘ಸಂಬಕ್’ ಎಂಬ ಹೆಸರನ್ನು 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇದಕ್ಕೆ ಶಾಸ್ತ್ರೀಯವಾಗಿ ಖಾಯಂ ಮಾಡಿದ. ಚೀನದವರು ಇದರ ಮೊಗ್ಗನ್ನು ಚಹಾದ ಸೊಪ್ಪಿನೊಡನೆ ಬೆರೆಸಿ ಪರಿಮಳ ಹತ್ತಿಸುತ್ತಾರೆ. ಫಿಲಿಪ್ಪೀನ್ಸ್ 1934ರಲ್ಲೂ ಇಂಡೋನೇಷ್ಯಾ 1990ರಲ್ಲೂ ಇದನ್ನು ರಾಷ್ಟ್ರಪುಷ್ಪವೆಂದು ಸಾರಿದವು. ನಮ್ಮ ಬಚ್ಚಲ ಪಕ್ಕದ ಗಿಡಕ್ಕೆ ಇಷ್ಟೆಲ್ಲ ನೆಂಟಸ್ತಿಕೆ!

ಶ್ರೀರಂಗಪಟ್ಟಣದ ಹತ್ತಿರ ಕಿರಂಗೂರು ಎಂಬ ಊರಿದೆ. ದಸರೆಯ ಕಾಲದಲ್ಲಿ ಬನ್ನಿಮಂಟಪದಿಂದಾಗಿ ಪತ್ರಿಕೆಗಳಲ್ಲಿ ಅದರ ಹೆಸರು ಬರುತ್ತದೆ. ರಾಮಾನುಜಾಚಾರ್ಯರ ಶಿಷ್ಯರಾದ ಅನಂತಾಳ್ವಾರರು ಹುಟ್ಟಿದ್ದು ಇಲ್ಲಿ ಎಂದು ಶ್ರೀವೈಷ್ಣವ ಸಂಪ್ರದಾಯ ಹೇಳುತ್ತದೆ. ತಿರುಮಲೆಯಲ್ಲಿ ಸ್ವಾಮಿಗೆ ಹೂವಿನ ಕೈಂಕರ್ಯ ಮಾಡುವವರು ಯಾರಿದ್ದೀರಿ ಎಂದು ಗುರುಗಳು ಕೇಳಿದಾಗ, ಚಳಿಗೂ ಕಾಡಿಗೂ ಹೆದರದೆ ಎದ್ದು ನಿಂತವರು ಅವರು. ಅಲ್ಲಿ ಹೂದೋಟ ಮಾಡಿದರು, ತೋಟಕ್ಕೆ ನೀರಿಗಾಗಿ ಕೆರೆ ತೋಡಿದರು. ನಮ್ಮ ಹೊಲಗದ್ದೆಗಳ ನಾಡಿನವರೊಬ್ಬರು ಏಳು ಬೆಟ್ಟದ ಮೇಲೆ ಹೂ ಬೆಳೆದರೆಂಬುದು ನಮಗೆ ಹೆಮ್ಮೆಯ ಸಂಗತಿಯೇ.

ಆದರೆ ಆ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಆಳ್ವಾರರು ಅಗೆದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಆಚೆ ಹಾಕುತ್ತಿದ್ದವರು ಅವರ ಹೆಂಡತಿ. ಆಕೆ ಆಗ ತುಂಬು ಬಸುರಿ. ಅದನ್ನು ನೋಡಲಾರದೆ ಒಬ್ಬ ಹುಡುಗ ಬಂದು ಬುಟ್ಟಿಗೆ ಕೈಕೊಟ್ಟನಂತೆ. ತನ್ನ ಸೇವೆಯಲ್ಲಿ ಅನ್ಯರು ಪಾಲು ತೆಗೆದುಕೊಂಡರೆಂದು ಆಳ್ವಾರರಿಗೆ ಸಿಟ್ಟು ಬಂದು ಹಾರೆ ಎಸೆದರಂತೆ. ಅದು ಹುಡುಗನ ಗದ್ದಕ್ಕೆ ತಗುಲಿತು. ಮಾರನೆಯ ದಿನ ಗರ್ಭಗುಡಿಯಲ್ಲಿ ಸ್ವಾಮಿಯ ಗದ್ದದಲ್ಲೇ ರಕ್ತ! ಆ ಗಾಯಕ್ಕೆ ಪಚ್ಚಕರ್ಪೂರ ಮೆತ್ತಿದ್ದರಿಂದ ಇಂದಿಗೂ ಸ್ವಾಮಿಯ ಗದ್ದದಲ್ಲಿ ಕರ್ಪೂರವಿದೆ. ಆ ಹಾರೆಯನ್ನು ಮಹಾದ್ವಾರದಲ್ಲಿ ತೂಗುಹಾಕಿ ತೋರಿಸುತ್ತಾರೆ. ಗಂಡನ ಹಾರೆ ಉಳಿಯಿತು, ಹೆಂಡತಿಯ ಬುಟ್ಟಿ ಉಳಿಯಲಿಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಬುಟ್ಟಿಯ ಕಡೆಗೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಶ್ರೀರಂಗಪಟ್ಟಣದ ದ್ವೀಪದಲ್ಲಿ ಅರಸರ ತೋಟಗಳಿಗೇನು ಕಡಿಮೆಯಿರಲಿಲ್ಲ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ತೋಟದ ನಡುವೆ ಇಂದಿಗೂ ನಿಂತಿದೆ. ಗಂಜಾಮಿನ ಕಡೆಗೆ ಲಾಲ್‌ಬಾಗ್ ಇತ್ತು. ಗುಂಬಜ್ ಇರುವುದು ಅಲ್ಲಿಯೇ. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದೊಳಕ್ಕೆ ನುಗ್ಗಿದಾಗ ಆ ತೋಟದ ಸಾಲುಸಾಲು ಮರಗಳನ್ನು ಕಡಿದು ಮುತ್ತಿಗೆಯ ಕೆಲಸಕ್ಕೆ ಬಳಸಿಕೊಂಡರು. 1799ರ ಮೇ 4ರಂದು ಕೋಟೆಯೇ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ರಾಜನ ತೋಟಕ್ಕೆ ರಾಜನಿರುವವರೆಗೆ ಆಯುಸ್ಸು. ಮಲ್ಲಿಗೆಯ ಪೊದೆಯ ರೀತಿ ಬೇರೆ. ಮೊಣಕಾಲೆತ್ತರಕ್ಕೆ ಕಡಿದುಹಾಕಿದರೂ ಬುಡ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಕಡಿದಷ್ಟೂ ಹೆಚ್ಚು ಹೂ ಬಿಡುತ್ತದೆ.

ಪಾಂಡವಪುರಕ್ಕೆ ಹಿರೋಡೆ ಎಂದೂ ಹೆಸರು, ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎಂದೂ ಹೆಸರು. ಅದೇ ತಾಲ್ಲೂಕಿನಲ್ಲಿ ತೊಣ್ಣೂರು, ಮೇಲುಕೋಟೆ. ನಮ್ಮ ನಾಡಿನ ಶಾಸನಗಳಲ್ಲಿ ದೇವರಿಗೆ ಗದ್ದೆ ಬಿಟ್ಟರು, ನಂದಾದೀಪಕ್ಕೆ ಎಣ್ಣೆ ಬಿಟ್ಟರು ಎಂಬುದರ ಜೊತೆಗೆ ಪೂದೋಂಟ ಬಿಟ್ಟರು ಎಂಬ ಮಾತೂ ಮತ್ತೆ ಮತ್ತೆ ಬರುತ್ತದೆ. ತೋಟ ಬಿಟ್ಟವನ ಹೆಸರು, ಅವನ ತಂದೆಯ ಹೆಸರು, ತೋಟದ ಎಲ್ಲೆ, ಅಳಿಪಿದವನಿಗೆ ತಗಲುವ ಪಾಪ, ಎಲ್ಲವೂ ಕಲ್ಲಿನ ಮೇಲಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಮೊಗ್ಗು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿಕೊಟ್ಟವರ ಹೆಸರಿಗೆ ಕಲ್ಲಿನಲ್ಲಿ ಜಾಗ ಸಾಲದೇ ಹೋಯಿತೇನೋ. ವೈರಮುಡಿಗೆಂದು ಮೇಲುಕೋಟೆಯ ಬೆಟ್ಟ ಹತ್ತುವ ಜನಸಾಗರವನ್ನು ಕಂಡಾಗಲೆಲ್ಲ ನನಗೆ ಆ ಹೂವುಗಳ ಹಿಂದಿನ ಬೆರಳುಗಳ ನೆನಪು.

ಈ ಸೀಮೆಯ ಮಣ್ಣಿನ ಹಣೆಬರಹವನ್ನೇ ಬದಲಿಸಿದ್ದು ಕನ್ನಂಬಾಡಿ. 1911ರಲ್ಲಿ ಆರಂಭವಾದ ಕಟ್ಟೆಯ ಕೆಲಸ ಎರಡು ದಶಕ ನಡೆಯಿತು. ನಾಲೆಯ ನೀರು ಹರಿದಲ್ಲೆಲ್ಲ ರಾಗಿಯ ಹೊಲ ಭತ್ತದ ಗದ್ದೆಯಾಯಿತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಮನುಷ್ಯರಿಗೆ ಇದು ಭಾಗ್ಯವೇ. ಮಲ್ಲಿಗೆಗೆ ಮಾತ್ರ ಬೇರು ಸದಾ ನೀರಿನಲ್ಲಿ ನೆನೆಯುವುದು ಆಗದು; ಎಲೆ ಹಳದಿಯಾಗಿ ಬುಡ ಕೊಳೆಯುತ್ತದೆ. ಶ್ರೀರಂಗಪಟ್ಟಣದ ನಾಲೆಯ ಬದಿಯ ಮನೆಗಳಲ್ಲಿ ಹೆಂಗಸರು ಮಣ್ಣು ಏರಿಸಿ, ಇಟ್ಟಿಗೆ ಚೂರು ಹಾಕಿ, ದಿಬ್ಬದ ಮೇಲೆ ಗಿಡ ನೆಟ್ಟಿದ್ದನ್ನು ನೋಡಿದ್ದೇನೆ. ಯಾವ ಎಂಜಿನಿಯರೂ ಅವರಿಗೆ ಹೇಳಿಕೊಟ್ಟಿದ್ದಲ್ಲ.

ಕೃಷ್ಣರಾಜಪೇಟೆಗೆ ಹೋದಾಗ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೆ ಮಕ್ಕಳನ್ನು ಕರೆದೊಯ್ಯುತ್ತಿದ್ದೆ. 13ನೇ ಶತಮಾನದ ಆ ಗುಡಿಯ ಗೋಡೆಯ ಸುತ್ತ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆ. ಅದೇ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದವರು ಕೆ.ಎಸ್. ನರಸಿಂಹಸ್ವಾಮಿಯವರು. ಅವರ ‘ಮೈಸೂರು ಮಲ್ಲಿಗೆ’ 1942ರಲ್ಲಿ ಬಂತು. ಮದುವೆಯಲ್ಲಿ ಉಡುಗೊರೆಯಾಗಿ ಕೊಡುವ ಪುಸ್ತಕವೆಂಬ ಖ್ಯಾತಿ ಅದಕ್ಕೆ. ಗಂಡಹೆಂಡಿರ ಒಲವನ್ನು ಅಷ್ಟು ಹಗುರವಾಗಿ, ಅಷ್ಟು ಗೌರವವಾಗಿ ಹಾಡಿದ ಪುಸ್ತಕಕ್ಕೆ ಕವಿ ನಮ್ಮ ಹಿತ್ತಲಿನ ಹೂವಿನ ಹೆಸರಿಟ್ಟದ್ದು ನಮ್ಮ ಪುಣ್ಯ.

ಆದರೆ ಹೂವನ್ನು ಮುತ್ತೈದೆತನಕ್ಕೆ ಕಟ್ಟಿಹಾಕಿದ್ದು ಕವಿಯಲ್ಲ, ನಾವು. ನನ್ನ ದೊಡ್ಡವ್ವ ಇಪ್ಪತ್ತೆರಡನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ನಮ್ಮ ಮನೆಯ ಮಲ್ಲಿಗೆ ಗಿಡ ಅವರು ತಂದು ನೆಟ್ಟದ್ದು, ನೀರು ಹೊತ್ತು ಹಾಕಿದ್ದೂ ಅವರೇ. ಬೇಸಿಗೆಯ ಇಳಿಹೊತ್ತಿನಲ್ಲಿ ಮೊಗ್ಗು ಬಿಡಿಸಿ, ಕಟ್ಟಿ, ಮನೆಯ ಹೆಣ್ಣುಮಕ್ಕಳಿಗೆಲ್ಲ ಅಳೆದು ಹಂಚುತ್ತಿದ್ದರು. ಅವರ ಪಾಲಿಗೆ ಬೆರಳಿನಲ್ಲಿ ಉಳಿದ ವಾಸನೆ ಮಾತ್ರ. ನಾನು ಒಮ್ಮೆ, “ದೊಡ್ಡವ್ವ, ನಿಮಗೆ ಬೇಜಾರಾಗಾಕಿಲ್ವಾ?” ಎಂದು ಕೇಳಿದ್ದೆ. “ಗಿಡುಕ್ಕೆ ನಾನ್ಯಾರು ಅಂತ ಗೊತ್ತಿಲ್ಲ ಕಣವ್ವ. ನೀರು ಉಯ್ದೋರಿಗೆ ಹೂ ಬುಡ್ತದೆ. ಗೊತ್ತಿರೋದು ಮನುಸ್ರಿಗೆ” ಎಂದಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಬೀದಿಯಲ್ಲೂ ಒಬ್ಬ ಫಣಿಯಮ್ಮ ಇದ್ದರು, ಬಹಳಷ್ಟು ಕಡೆ ಆಕೆಯ ಕೈಯಲ್ಲೇ ಹಿತ್ತಲು ಹಸಿರಾಗಿತ್ತು.

ನಾಗಮಂಗಲದ ನೆಲ ಬೇರೆಯೇ. ಸೌಮ್ಯಕೇಶವನ ಗುಡಿಯ ಊರು, ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರು. ಮಳೆಯನ್ನು ನಂಬಿದ ಕೆಂಪು ಮಣ್ಣು. ಕುಡಿಯುವ ನೀರಿಗೇ ಕೊಡ ಸಾಲುಗಟ್ಟುವ ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರಿನಲ್ಲೇ ಮಲ್ಲಿಗೆ ಬೆಳೆಸಿದ ಮನೆಗಳನ್ನು ಕಂಡೆ. ನೀರು ಬಸಿದುಹೋಗುವ ಈ ಕೆಂಪು ಮಣ್ಣು ಮಲ್ಲಿಗೆಗೆ ಚೆನ್ನಾಗಿ ಒಗ್ಗುತ್ತದೆ. ಅಲ್ಲಿನ ನೆರೆಮನೆಯ ಅಜ್ಜಿಯಿಂದ ಕಲಿತದ್ದನ್ನು ನಿಮಗೂ ಹೇಳುತ್ತೇನೆ.

ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಪೆನ್ಸಿಲ್ ದಪ್ಪದ ಬಲಿತ ಕೊಂಬೆ ಆರಿಸಿ, ಮೂರು ನಾಲ್ಕು ಗೆಣ್ಣು ಇರುವಂತೆ ಗೇಣುದ್ದ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗೆ ಊರಬೇಕು. ಇನ್ನೂ ಖಾತ್ರಿಯಾದ ದಾರಿಯೆಂದರೆ, ನೆಲದ ಹತ್ತಿರದ ಕೊಂಬೆಯನ್ನು ಬಗ್ಗಿಸಿ, ಗೆಣ್ಣಿನ ಕೆಳಗೆ ತೊಗಟೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ, ಮೇಲೊಂದು ಕಲ್ಲು ಹೇರುವುದು. ಎರಡು ಮೂರು ತಿಂಗಳಲ್ಲಿ ಬೇರು ಬಂದಿರುತ್ತದೆ. ಆಗ ತಾಯಿಗಿಡದಿಂದ ಬಿಡಿಸಿ, ಒಂದೂವರೆ ಅಡಿ ಗುಂಡಿಯಲ್ಲಿ ಕೊಟ್ಟಿಗೆ ಗೊಬ್ಬರ ಹಾಕಿ ನೆಡಬೇಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವಿರಲಿ. ನೆರಳಿನಲ್ಲಿ ಎಲೆ ಬರುತ್ತದೆ, ಹೂ ಬರುವುದಿಲ್ಲ. ಎರಡನೆಯ ವರ್ಷದಿಂದ ಡಿಸೆಂಬರ್ ಜನವರಿಯಲ್ಲಿ ಕೆಲವು ವಾರ ನೀರು ತಡೆದು, ಒಂದೂವರೆ ಅಡಿ ಎತ್ತರಕ್ಕೆ ಸವರಿ, ಆಮೇಲೆ ಬುಡ ಕೆದಕಿ ಗೊಬ್ಬರ, ನೀರು ಕೊಡಬೇಕು. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಸವರದ ಗಿಡ ಬರಿಯ ಪೊದೆ. ಮೊಗ್ಗು ಕೊರೆಯುವ ಹುಳು ಬಂದರೆ ಕೆಂಪಗಾದ ಮೊಗ್ಗನ್ನು ಕಿತ್ತು ಸುಟ್ಟು, ಬೇವಿನೆಣ್ಣೆ ಸಿಂಪಡಿಸಿದರೆ ಸಾಕು. ಮೊಗ್ಗನ್ನು ಅರಳುವ ಮುನ್ನ ಬಿಡಿಸಿ. ಕಿತ್ತ ಮೇಲೂ ಅದು ಸಂಜೆಗೆ ಅರಳುತ್ತದೆ. ಅರಳುವಾಗಲೇ ಅದರ ಗಂಧ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸಮಾರಂಭದ ದಿನ ಶಿಕ್ಷಕಿಯರಿಗೆಲ್ಲ ಹೂ ಕೊಡುವ ಪದ್ಧತಿಯಿತ್ತು. ತಟ್ಟೆ ಹಿಡಿದ ಹುಡುಗಿ ನಮ್ಮ ಗಣಿತದ ಮೇಡಂ ಮುಂದೆ ಬಂದಾಗ ಯಾರೋ ಹಿಂದಿನಿಂದ ಕಣ್ಸನ್ನೆ ಮಾಡಿದರು. ತಟ್ಟೆ ಅವರನ್ನು ದಾಟಿ ನನ್ನ ಮುಂದೆ ಬಂತು. ಆ ವರ್ಷವಷ್ಟೇ ಅವರ ಯಜಮಾನರು ತೀರಿಕೊಂಡಿದ್ದರು. ಅವರು ತಲೆ ತಗ್ಗಿಸಲಿಲ್ಲ, ಕಾರ್ಯಕ್ರಮ ಪಟ್ಟಿಯನ್ನು ಓದುತ್ತ ಕುಳಿತರು. ನಾನೂ ನನ್ನ ಹೂವನ್ನು ತಟ್ಟೆಯಲ್ಲೇ ಬಿಟ್ಟೆ. ಆ ಹತ್ತು ವರ್ಷದ ಹುಡುಗಿ ಅಂದು ನಾವು ಯಾರೂ ಹೇಳಿಕೊಡದ ಒಂದು ಪಾಠವನ್ನು ಕಲಿತುಬಿಟ್ಟಳಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ಮುಂದಿನ ಮಳೆಗಾಲದಲ್ಲಿ ದೊಡ್ಡವ್ವನ ಗಿಡದ ವಂಶದಿಂದ ಒಂದಷ್ಟು ಬೇರು ಬಂದ ಸಸಿ ತಂದು ಶಿಕ್ಷಕಿಯರ ಕೊಠಡಿಯಲ್ಲಿಟ್ಟೆ. ಹೂವಿಗೆ ಇರುವ ಕಟ್ಟಳೆ ಗಿಡಕ್ಕಿಲ್ಲ. ಯಾರು ಬೇಕಾದರೂ ಒಯ್ಯಬಹುದು. ಮೊದಲ ಸಸಿಯನ್ನು ಗಣಿತದ ಮೇಡಂ ಎತ್ತಿಕೊಂಡರು. ಎರಡು ವರ್ಷ ಕಳೆದ ಮೇಲೆ ಅವರು ಚೀಲದಲ್ಲಿ ಎಲೆಯಲ್ಲಿ ಸುತ್ತಿದ ಮಾಲೆ ತಂದು ನಮಗೆಲ್ಲ ಹಂಚಿದರು. ಅವರು ಮುಡಿದರೇ ಎಂದು ನೀವು ಕೇಳುತ್ತೀರಿ. ಕೆಲವು ದಿನ ಮುಡಿದು ಬರುತ್ತಿದ್ದರು, ಕೆಲವು ದಿನ ಮೇಜಿನ ಮೇಲೆ ಲೋಟದ ನೀರಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಷ್ಟ ಬಂದಂತೆ ಮಾಡುವುದಿತ್ತಲ್ಲ, ಅದೇ ದೊಡ್ಡದು.

ಈಗ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆಗಳಿಗೆ ಸರ್ಕಾರದ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಆದರೆ ಮೈಸೂರಿನ ಸುತ್ತ ಹೂವಿನ ತೋಟಗಳು ಬಡಾವಣೆಗಳಾಗಿವೆ. 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋದಮೇಲೆ ನೆಲದ ಬೆಲೆ ಕೇಳಿದರೆ ಎದೆ ನಡುಗುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಹಿತ್ತಲೆಂಬುದೇ ಇಲ್ಲ. ಇದ್ದ ಮೂರಡಿಗೂ ಸಿಮೆಂಟು ಬಳಿದು, ಸಂಜೆ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಹೂ ಕೊಳ್ಳುತ್ತೇವೆ. ಕೊಳ್ಳುವುದು ತಪ್ಪಲ್ಲ. ಆದರೆ ನೂರಾರು ವರ್ಷ ಕೈಯಿಂದ ಕೈಗೆ ಬಂದ ಗಿಡಕ್ಕೆ ಬೀಜವಿಲ್ಲ ಎಂಬುದನ್ನು ಮರೆಯಬಾರದು. ನಾವು ಕೈ ಚಾಚದಿದ್ದರೆ ನಮ್ಮ ಅಜ್ಜಿಯ ಮನೆಯ ಗಿಡ ಅಲ್ಲಿಗೇ ಕೊನೆ.

ಹಿತ್ತಲಿಲ್ಲದಿದ್ದರೆ ತಾರಸಿಯಲ್ಲಿ ಒಂದು ದೊಡ್ಡ ಕುಂಡ ಸಾಕು, ತಳದಲ್ಲಿ ತೂತಿರಲಿ. ಈ ಆಷಾಢಕ್ಕೆ ತವರಿಗೆ ಹೋದಾಗ ಸೀರೆಯ ಜೊತೆ ಒಂದು ಕೊಂಬೆಯನ್ನೂ ಕೇಳಿ. ಅದು ನಿಮ್ಮ ಮನೆಯಲ್ಲಿ ಬೇರುಬಿಟ್ಟ ಮೇಲೆ, ತಟ್ಟೆ ದಾಟಿ ಹೋದ ಯಾರಾದರೂ ನಿಮ್ಮ ಬೀದಿಯಲ್ಲಿದ್ದರೆ, ಮೊದಲ ಸಸಿಯನ್ನು ಅವರಿಗೆ ಕೊಡಿ.