ಗರ್ಭಿಣಿಯ ಸಾಹಸವೂ ನಿರ್ಧಾರದ ಅಧಿಕಾರವೂ: ಪಡುಮಲೆಯ ದೇಯಿ ಬೈದೆತಿಯ ಪ್ರಸಂಗದ ಮೇಲೆ ಒಂದು ವಿಚಾರ

೧

ಗರ್ಭವತಿಯಾದ ಸ್ತ್ರೀಯು ಅಪಾಯದ ಸಂಭವವಿರುವ ಆಟೋಟ, ಪರ್ವತಾರೋಹಣ, ದೂರದ ಕಾಲುನಡಿಗೆ ಮೊದಲಾದ ಶ್ರಮಗಳಲ್ಲಿ ತೊಡಗಬಹುದೆ ಎಂಬ ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ಈ ಪ್ರಶ್ನೆಗೂ ಒಂದು ಇತಿಹಾಸವುಂಟು. ಅದನ್ನು ಬಿಡಿಸಿ ನೋಡಿದರೆ ಎರಡು ಪ್ರಶ್ನೆಗಳು ತೋರಿಬರುತ್ತವೆ: ಅಪಾಯದ ಪ್ರಮಾಣವೆಷ್ಟು ಎಂಬುದೊಂದು; ಆ ಅಪಾಯವನ್ನು ತೂಗಿ ನೋಡಿ ನಿರ್ಧರಿಸುವ ಅಧಿಕಾರ ಯಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಎರಡನೆಯದನ್ನು ಕೇಳಿದವರು ಕಡಿಮೆ. ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಇಂದಿಗೂ ಜನಜನಿತವಾಗಿರುವ ಒಂದು ಕಥಾಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಈ ಎರಡನೆಯ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಕೋಟಿ–ಚೆನ್ನಯರ ಪಾಡ್ದನವು ತುಳುನಾಡಿನ ಮೌಖಿಕ ಸಾಹಿತ್ಯದಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ಎ. ಸಿ. ಬರ್ನೆಲ್ಲರ ಸಂಗ್ರಹದಿಂದ ಅದರ ಇಂಗ್ಲಿಷ್ ಅನುವಾದವು ೧೮೯೪ರಿಂದ ೧೮೯೭ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ಯ ಸಂಪುಟಗಳಲ್ಲಿ ಬಂದ ಲೇಖನಮಾಲೆಯ ಮೂಲಕ ವಿದ್ವಲ್ಲೋಕಕ್ಕೆ ಪರಿಚಿತವಾಯಿತು, ಪಂಜೆ ಮಂಗೇಶರಾಯರ ಗದ್ಯಕಥನವು ಅದನ್ನು ಕನ್ನಡ ವಾಚಕರ ಮನೆಮನೆಗೆ ಮುಟ್ಟಿಸಿತು. ಪಡುಮಲೆಯಿಂದ ಪಂಜ, ಎಣ್ಮೂರುಗಳವರೆಗೆ ಹಬ್ಬಿರುವ ಈ ಕಥಾಭೂಮಿಯು ಇಂದಿನ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವ್ಯಾಪ್ತಿಯಲ್ಲೇ ಇದೆ. ವೀರರಿಬ್ಬರ ಹೋರಾಟ, ಮರಣ ಮತ್ತು ಗರೋಡಿಗಳಲ್ಲಿ ಅವರಿಗೆ ಸಲ್ಲುವ ಆರಾಧನೆಗಳ ಬಗ್ಗೆ ಸಾಕಷ್ಟು ಬರವಣಿಗೆ ನಡೆದಿದೆ. ನಮ್ಮ ಗಮನವಿರುವುದು ಅವರ ಜನನಕ್ಕೆ ಮುಂಚಿನ ಒಂದು ಘಟನೆಯ ಮೇಲೆ.

ಪಾಡ್ದನದ ಪಾಠಗಳು ವಿವರಗಳಲ್ಲಿ ಪರಸ್ಪರ ಭಿನ್ನವಾಗಿದ್ದರೂ ಕಥೆಯ ತಿರುಳು ಒಂದೇ. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ನಾಟಿ ಗಾಯವು ಉಲ್ಬಣಿಸುತ್ತದೆ. ಯಾರ ಮದ್ದಿಗೂ ಅದು ಬಗ್ಗುವುದಿಲ್ಲ. ನಾಟಿವೈದ್ಯದಲ್ಲಿ ನಿಪುಣೆಯಾದ ದೇಯಿ ಬೈದೆತಿಗೆ ಬೀಡಿನಿಂದ ಕರೆ ಬರುತ್ತದೆ. ಆಕೆಯಾದರೋ ಆಗ ತುಂಬು ಗರ್ಭಿಣಿ. ಆಕೆ ಹೋಗುತ್ತಾಳೆ, ಮದ್ದು ಮಾಡುತ್ತಾಳೆ, ಬಲ್ಲಾಳನು ಗುಣಹೊಂದುತ್ತಾನೆ ಮತ್ತು ಉಡುಗೊರೆಯ ಮಾತು ಕೊಡುತ್ತಾನೆ. ಮನೆಗೆ ಮರಳುವ ಮೊದಲೇ ಹೆರಿಗೆಯ ನೋವು ಕಾಣಿಸಿಕೊಂಡು ಅವಳಿ ಗಂಡುಮಕ್ಕಳು ಹುಟ್ಟುತ್ತಾರೆ. ಮಕ್ಕಳಿನ್ನೂ ಎಳೆಯರಾಗಿರುವಾಗಲೇ ತಾಯಿ ತೀರಿಕೊಳ್ಳುತ್ತಾಳೆ. ಅವರನ್ನು ಸಾಕುವ ಭಾರ ಸಾಯನ ಬೈದ್ಯನ ಮೇಲೆ ಬೀಳುತ್ತದೆ.

ಈ ಪ್ರಸಂಗವನ್ನು ಶಾಸನದಂತೆ ದಾಖಲೆಯಾಗಿ ಓದಲಾಗದು. ಆದರೆ ಒಂದು ಸಮಾಜವು ಯಾವುದನ್ನು ನಡೆಯಬಲ್ಲ ಸಂಗತಿಯೆಂದು ಭಾವಿಸಿತ್ತು ಎಂಬುದಕ್ಕೆ ಅದು ಸಾಕ್ಷ್ಯವಾಗಬಲ್ಲದು. ಈ ದೃಷ್ಟಿಯಿಂದ ಮೂರು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ದೇಯಿಯು ಸ್ವತಃ ಮದ್ದು ಬಲ್ಲವಳು. ತನ್ನ ದೇಹಸ್ಥಿತಿಯನ್ನು ಅರಿಯಲು ಆಕೆಗೆ ಪರರ ಬೋಧೆ ಬೇಕಿರಲಿಲ್ಲ. ಎರಡನೆಯದಾಗಿ, ಕರೆ ಬಂದುದು ಸೀಮೆಯ ಒಡೆಯನಿಂದ. ಒಡೆಯನ ಕರೆಗೆ ಇಲ್ಲವೆನ್ನುವ ಸ್ವಾತಂತ್ರ್ಯ ಬೈದ್ಯರ ಮನೆಯ ಹೆಣ್ಣಿಗೆ ಎಷ್ಟಿದ್ದೀತು? ಮೂರನೆಯದಾಗಿ, ಅಪಾಯದ ಬೆಲೆ ತೆತ್ತವಳು ಆಕೆ. ಫಲ ಉಂಡವನು ಬಲ್ಲಾಳ. ಮಕ್ಕಳು ಬೆಳೆದ ಮೇಲೆ ತಾಯಿಗೆ ಕೊಟ್ಟ ಮಾತನ್ನು ನಡೆಸಿಕೊಡೆಂದು ಕೇಳಿ ಬರಿಗೈಯಲ್ಲಿ ಪಡುಮಲೆಯನ್ನು ಬಿಟ್ಟು ಹೋಗಬೇಕಾಯಿತೆಂಬುದು ಕಥೆಯ ಮುಂದಿನ ಭಾಗ. ಆದುದರಿಂದ ದೇಯಿಯ ಪಯಣವನ್ನು ಕೇವಲ ತ್ಯಾಗವೆಂದು ಕೊಂಡಾಡಿದರೆ ಅದರೊಳಗಿನ ಒತ್ತಾಯವು ಮರೆಯಾಗುತ್ತದೆ. ಕೇವಲ ಒತ್ತಾಯವೆಂದರೆ ಆಕೆಯ ವಿದ್ಯೆಗೂ ಧೈರ್ಯಕ್ಕೂ ಅನ್ಯಾಯವಾಗುತ್ತದೆ.

೩

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಇಂತಹ ಪಯಣವನ್ನು ಒಪ್ಪುತ್ತಿರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಗರ್ಭಿಣಿಯು ವರ್ಜಿಸಬೇಕಾದವುಗಳಲ್ಲಿ ವ್ಯಾಯಾಮ, ವಾಹನಾರೋಹಣ, ರಾತ್ರಿ ಜಾಗರಣೆ, ಭಯ, ಕುಕ್ಕುರುಗಾಲಿನ ಆಸನ ಮುಂತಾದವನ್ನು ಎಣಿಸುತ್ತದೆ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವೂ ವಾಹನದ ಕುಲುಕಾಟವನ್ನೂ ಆಳವಾದ ಬಾವಿ–ಕಂದರಗಳನ್ನು ಇಣುಕುವುದನ್ನೂ ನಿಷೇಧಿಸುತ್ತದೆ. ವ್ಯಾಯಾಮದ ವಿಷಯದಲ್ಲಿ ಮಾತ್ರ ಚರಕನ ಮಾತಿನಲ್ಲಿ ಒಂದು ಸೂಕ್ಷ್ಮವಿದೆ: ಆತನು ದೂಷಿಸುವುದು ದಾರುಣವೂ ಅನುಚಿತವೂ ಆದ ವ್ಯಾಯಾಮವನ್ನು. ವೈದ್ಯಪರಿಭಾಷೆಯಲ್ಲಿ ಅನುಚಿತವೆಂದರೆ ದೇಹಕ್ಕೆ ರೂಢಿಯಿಲ್ಲದ್ದು ಎಂಬರ್ಥವೂ ಇದೆ. ಗರ್ಭಿಣಿಯನ್ನು ಎಣ್ಣೆ ತುಂಬಿದ ಪಾತ್ರೆಯಂತೆ ಅಲುಗದ ಹಾಗೆ ನೋಡಿಕೊಳ್ಳಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಈ ಉಪದೇಶವು ಪಾತ್ರೆಯನ್ನು ಹೊರುವವರಿಗೆ, ಎಂದರೆ ಉಪಚರಿಸುವವರಿಗೆ, ಹೇಳಿದ್ದೆಂಬುದನ್ನು ಮರೆಯಬಾರದು.

ಆದರೆ ಶಾಸ್ತ್ರದ ಪಾತ್ರೆಯು ಗದ್ದೆಯ ಕೆಸರಿಗೆ ಇಳಿದುದೇ ಹೆಚ್ಚು. ಮಳೆಗಾಲದಲ್ಲಿ ಬಾಗಿ ನೇಜಿ ನೆಡುತ್ತ ಪಾಡ್ದನ ಹಾಡಿದ ಹೆಂಗಸರಲ್ಲಿ ಬಸುರಿಯರೂ ಇದ್ದರು. ಸೊಪ್ಪು–ಸೌದೆಯ ಹೊರೆ ಹೊತ್ತು ಗುಡ್ಡ ಇಳಿದವರಲ್ಲಿಯೂ ಇದ್ದರು. ಏಳನೆಯ ತಿಂಗಳಿನಲ್ಲಿ ಬಯಕೆಯ ಸಂಭ್ರಮ ನಡೆಸಿ ತವರಿಗೆ ಕಳುಹಿಸುವ ಪದ್ಧತಿಯು ಸ್ವಲ್ಪ ವಿಶ್ರಾಂತಿಯನ್ನು ತಂದಿರಬಹುದು. ಕೂಲಿಯನ್ನೇ ನಂಬಿದ ಮನೆಗಳಲ್ಲಿ ಆ ವಿಶ್ರಾಂತಿಯೂ ದುರ್ಲಭ. ಹೀಗೆ ನಿಷೇಧವು ಗ್ರಂಥಗಳಲ್ಲಿಯೂ ದುಡಿಮೆಯು ಬದುಕಿನಲ್ಲಿಯೂ ಒಟ್ಟೊಟ್ಟಿಗೆ ಸಾಗಿ ಬಂದುವು. ಎರಡರಲ್ಲಿಯೂ ಆಕೆಯ ಅಭಿಪ್ರಾಯವನ್ನು ಕೇಳಿದಂತೆ ತೋರುವುದಿಲ್ಲ.

ಈ ದೃಷ್ಟಿಯಿಂದ ೧೯೬೧ರ ಪ್ರಸೂತಿ ಸೌಲಭ್ಯ ಅಧಿನಿಯಮವು ಮಹತ್ವದ್ದು. ನಿರೀಕ್ಷಿತ ಹೆರಿಗೆಗೆ ಮುಂಚಿನ ಆರು ವಾರಗಳಿಗೂ ಹಿಂದಿನ ಒಂದು ತಿಂಗಳ ಅವಧಿಯಲ್ಲಿ, ಗರ್ಭಿಣಿಯು ಕೋರಿಕೊಂಡರೆ, ಮಾಲಿಕನು ಆಕೆಯಿಂದ ಕಠಿಣವಾದ ಅಥವಾ ಬಹಳ ಹೊತ್ತು ನಿಂತು ಮಾಡಬೇಕಾದ ಕೆಲಸವನ್ನು ಮಾಡಿಸಕೂಡದೆಂದು ಅದು ವಿಧಿಸಿತು. ‘ಕೋರಿಕೊಂಡರೆ’ ಎಂಬ ಈ ನಿಬಂಧನೆಯು ನಿರ್ಧಾರವನ್ನು ಆಕೆಯ ಕೈಗೇ ಕೊಡುತ್ತದೆ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿತು. ಆದರೆ ನಾಲ್ಕಾರು ಆಳುಗಳಷ್ಟೇ ದುಡಿಯುವ ಸಣ್ಣ ಅಡಿಕೆ ತೋಟಕ್ಕೆ ಈ ರಕ್ಷಣೆಯು ತಲುಪುವುದು ಕಷ್ಟ.

೪

ಕ್ರೀಡೆಯ ಕ್ಷೇತ್ರದಲ್ಲಿ ಸಮಸ್ಯೆಯು ತಿರುವುಮುರುವಾಗಿ ಕಾಣಿಸಿಕೊಂಡಿತು. ಅಲ್ಲಿ ಬಲವಂತವಾಗಿ ದುಡಿಸುವವರಿರಲಿಲ್ಲ, ಬಲವಂತವಾಗಿ ತಡೆಯುವವರಿದ್ದರು. ೨೦೦೧ರಲ್ಲಿ ಆಸ್ಟ್ರೇಲಿಯದ ನೆಟ್‌ಬಾಲ್ ಸಂಸ್ಥೆಯು ಗರ್ಭಿಣಿಯರು ಆಡಕೂಡದೆಂದು ನಿಷೇಧ ಹೇರಿತು. ಟ್ರೂಡಿ ಗಾರ್ಡ್ನರ್ ಎಂಬ ಆಟಗಾರ್ತಿಯು ಇದನ್ನು ಪ್ರಶ್ನಿಸಲು, ೨೦೦೩ರಲ್ಲಿ ಅಲ್ಲಿಯ ನ್ಯಾಯಾಲಯವು ಆ ನಿಷೇಧವು ಕಾನೂನಿಗೆ ವಿರುದ್ಧವಾದ ತಾರತಮ್ಯವೆಂದು ತೀರ್ಪಿತ್ತಿತು. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ಮಲೇಷ್ಯದ ನೂರ್ ಸೂರ್ಯಾನಿಯು ಎಂಟು ತಿಂಗಳ ಗರ್ಭಿಣಿಯಾಗಿ ಬಂದೂಕು ಸ್ಪರ್ಧೆಯಲ್ಲಿ ಪಾಲ್ಗೊಂಡುದೂ, ೨೦೧೪ರಲ್ಲಿ ಅಮೆರಿಕದ ಅಲಿಸಿಯಾ ಮೊಂಟಾನೊ ಮೂವತ್ತನಾಲ್ಕನೆಯ ವಾರದಲ್ಲಿ ೮೦೦ ಮೀಟರ್ ಓಡಿದುದೂ ಇದೇ ಪರಂಪರೆಗೆ ಸೇರಿದುವು.

ವೈದ್ಯರ ಅಭಿಪ್ರಾಯವೂ ಸ್ಥಿರವಾಗಿ ನಿಂತಿಲ್ಲ. ಅಮೆರಿಕದ ಪ್ರಸೂತಿ ಹಾಗೂ ಸ್ತ್ರೀರೋಗತಜ್ಞರ ಸಂಸ್ಥೆಯು ೧೯೮೫ರಲ್ಲಿ ಗರ್ಭಿಣಿಯ ನಾಡಿಬಡಿತವು ನಿಮಿಷಕ್ಕೆ ೧೪೦ನ್ನು ಮೀರಬಾರದೆಂದು ಮಿತಿ ಹಾಕಿತ್ತು; ೧೯೯೪ರಲ್ಲಿ ಆ ಮಿತಿಯನ್ನು ತೆಗೆದುಹಾಕಿತು. ೨೦೨೦ರ ಅದರ ಸಲಹೆಯಂತೆ, ತೊಡಕಿಲ್ಲದ ಗರ್ಭವಿದ್ದರೆ ವಾರಕ್ಕೆ ೧೫೦ ನಿಮಿಷಗಳ ಮಿತವಾದ ವ್ಯಾಯಾಮ ಹಿತಕರ. ಹೊಟ್ಟೆಗೆ ಪೆಟ್ಟು ಬೀಳುವ ಆಟಗಳು, ಬೀಳುವ ಭಯವಿರುವ ಸಾಹಸಗಳು, ಆಳವಾದ ನೀರಿನ ಮುಳುಗಾಟ ಇವು ಮಾತ್ರ ವರ್ಜ್ಯ. ಇದಕ್ಕೆ ಕಾರಣವೂ ಸ್ಪಷ್ಟ: ಸುಮಾರು ಮೂರು ತಿಂಗಳು ಕಳೆದ ಮೇಲೆ ಗರ್ಭಾಶಯವು ಸೊಂಟದ ಮೂಳೆಗಳ ಆಸರೆಯಿಂದ ಮೇಲೇರುತ್ತದೆ, ಆಗ ಪೆಟ್ಟಿನಿಂದ ಮಾಸು ಕಳಚುವ ಭಯವುಂಟು. ಹೊಟ್ಟೆ ಬೆಳೆದಂತೆ ದೇಹದ ಸಮತೋಲವೂ ಬದಲಾಗುತ್ತದೆ.

ನಮ್ಮ ಸೀಮೆಗೆ ಇದನ್ನು ಅನ್ವಯಿಸಿದರೆ, ಕಬಡ್ಡಿಯ ಕಣದಲ್ಲಿ ಹಿಡಿತ–ಎಳೆತಗಳೇ ಆಟದ ಜೀವವಾದುದರಿಂದ ಅದು ವರ್ಜ್ಯವೆಂಬುದು ನಿರ್ವಿವಾದ. ಸುಬ್ರಹ್ಮಣ್ಯದಿಂದ ೧೭೧೨ ಮೀಟರ್ ಎತ್ತರದ ಕುಮಾರಪರ್ವತವನ್ನು ಏರುವುದರಲ್ಲಿ ಎತ್ತರಕ್ಕಿಂತಲೂ ಕಡಿದಾದ ಇಳಿಜಾರು, ಜಾರುವ ಬಂಡೆ ಮತ್ತು ಆಸ್ಪತ್ರೆಯಿಂದ ದೂರ ಇವೇ ತೊಡಕುಗಳು. ಅದೇ ಊರಿನ ಬಯಲಿನಲ್ಲಿ ದಿನವೂ ನಡೆಯುವುದಾದರೋ ಹಿತಕರವೇ ಸರಿ. ರೂಢಿಯಿಲ್ಲದ ಶ್ರಮದ ಬಗ್ಗೆ ಚರಕನು ತೋರಿದ ಎಚ್ಚರಿಕೆಯನ್ನು ಇಲ್ಲಿ ನೆನೆಯಬಹುದು.

೫

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯವಿಷ್ಟು. ಅಪಾಯದ ಅಳತೆಯನ್ನು ಹೇಳುವುದು ವೈದ್ಯರ ಕರ್ತವ್ಯ; ಆ ಅಳತೆ ಕಾಲದೊಡನೆ ತಿದ್ದುಪಡಿಗೊಳ್ಳುತ್ತದೆ. ನಿರ್ಧಾರದ ಅಧಿಕಾರವು ಗರ್ಭಿಣಿಯದು. ಆದರೆ ಅದು ನಿಜವಾಗಬೇಕಾದರೆ ಎರಡು ಅನುಕೂಲಗಳು ಬೇಕು. ತನ್ನ ಸ್ಥಿತಿಯ ಅರಿವು ಒಂದು. ಇಲ್ಲವೆಂದರೂ ಹೌದೆಂದರೂ ನಷ್ಟವಾಗದಂತಹ ನೆಲೆ ಇನ್ನೊಂದು. ದೇಯಿಗೆ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಇಂದಿನ ಕ್ರೀಡಾಪಟುವಿಗೆ ಎರಡೂ ದೊರೆಯುವ ಸಂಭವವಿದೆ. ತೋಟದ ಕೂಲಿಯವಳಿಗೆ ಅನೇಕ ವೇಳೆ ಎರಡೂ ಇಲ್ಲ.

ಪುತ್ತೂರು ತಾಲೂಕಿನ ಬಡಗನ್ನೂರಿನ ಗೆಜ್ಜೆಗಿರಿ ನಂದನಬಿತ್ತಿಲಿನಲ್ಲಿ ಇಂದು ದೇಯಿ ಬೈದೆತಿಗೆ ಪೂಜೆ ಸಲ್ಲುತ್ತದೆ. ಪುನರ್ನಿರ್ಮಿತವಾದ ಆ ಮೂಲಸ್ಥಾನದ ಬ್ರಹ್ಮಕಲಶವು ೨೦೨೦ರಲ್ಲಿ ನೆರವೇರಿತು. ಮಾತೆಯೆಂದೂ ವೈದ್ಯೆಯೆಂದೂ ಆಕೆಯನ್ನು ಸ್ಮರಿಸುವುದು ಯುಕ್ತವೇ. ಬೀಡಿನ ಕರೆ ಬಂದ ದಿನ ಆಕೆಯ ಇಷ್ಟವೇನೆಂದು ಕೇಳಿದವರಾರು ಎಂಬ ಪ್ರಶ್ನೆಯನ್ನೂ ಆ ಸ್ಮರಣೆಯೊಡನೆ ಸೇರಿಸಿಕೊಳ್ಳುವುದು ಇತಿಹಾಸದ ಅಭ್ಯಾಸಿಗಳ ಹೊಣೆಯೆಂದು ನಾವು ಭಾವಿಸುತ್ತೇವೆ.